ಬಿಳಿ ಪಟ್ಟಿಯ ಕಾರ್ಡು

ಎಲ್ಲರ ಬಾಯಲ್ಲೂ ಅವಳು ಕತ್ತರಿ ಅಕ್ಕ. ಬಟ್ಟೆ ಕತ್ತರಿಸುವವಳೇನಲ್ಲ. ಬೇರೆಯವರು ತೆಗೆದ ವಿಡಿಯೊಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ ಕೊಡುವವಳು. ವಯಸ್ಸು ಐವತ್ತೆರಡು, ಕಸುಬಿಗೆ ಇಳಿದು ಇಪ್ಪತ್ತೇಳು ವರ್ಷ. ಎರಡು ಗಂಟೆಯ ಭಾಷಣವನ್ನು ಹನ್ನೆರಡು ನಿಮಿಷಕ್ಕೆ ಇಳಿಸಿ, ಭಾಷಣಕಾರನೇ ಬಂದು 'ನಾನು ಇಷ್ಟು ಚೆನ್ನಾಗಿ ಮಾತಾಡಿದ್ನಾ' ಎಂದು ಕೇಳುವಂತೆ ಮಾಡಬಲ್ಲ ಕೈ ಅವಳದು. "ಬಿಟ್ರೆ ನನ್ನ ಆಯುಷ್ಯದಲ್ಲೂ ಬೇಡದ್ದನ್ನ ಕತ್ತರಿಸಿ ಬಿಸಾಕ್ತೀಯ" ಎಂದು ಅವಳ ತಮ್ಮ ಛೇಡಿಸುತ್ತಿದ್ದ. ಕ್ಯಾಮೆರಾ ಹಿಡಿಯುವವನು ಅವನು, ಮೇಜಿನ ಮುಂದೆ ಕೂರುವವಳು ಇವಳು. ಅಕ್ಕ ತಮ್ಮ ಇಬ್ಬರೇ ಸೇರಿ ನಡೆಸುವ ಸ್ಟುಡಿಯೊ, ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಎರಡು ಕೋಣೆ. ಕೆಳಗೆ ಯಂತ್ರ ಶುರುವಾದರೆ ಮೇಲೆ ಲೋಟದಲ್ಲಿನ ನೀರು ನಡುಗುತ್ತಿತ್ತು.

ಅವರ ಕ್ಯಾಮೆರಾ ಹಳೆಯದು, ಇನ್ನೊಬ್ಬರ ಕೈಯಿಂದ ಕೊಂಡದ್ದು. ಅದರೊಳಗೆ ಟೇಪು ಇಲ್ಲ, ತಿರುಗುವ ಚಕ್ರವಿಲ್ಲ, ದಪ್ಪನೆಯ ಒಂದು ಕಾರ್ಡು. ಈ ಕಾರ್ಡಿನದೊಂದು ವಿಚಿತ್ರ ಸಂಸಾರ. ಚಿತ್ರ ಒಂದು ಫೋಲ್ಡರಿನಲ್ಲಿ, ಸದ್ದು ಇನ್ನೊಂದು ಫೋಲ್ಡರಿನಲ್ಲಿ, ಯಾವ ಚಿತ್ರಕ್ಕೆ ಯಾವ ಸದ್ದು ಎಂಬ ಲೆಕ್ಕ ಮೂರನೆಯದರಲ್ಲಿ. ಎಲ್ಲ ಒಟ್ಟಿಗೆ ಬಂದರೆ ಮಾತ್ರ ಎಡಿಟಿಂಗ್ ಸಾಫ್ಟ್‌ವೇರ್ ಅವನ್ನು ಗುರುತು ಹಿಡಿಯುತ್ತದೆ. ಒಂದು ಬಿಟ್ಟುಹೋದರೂ ಕಣ್ಣು ಮಿಟುಕಿಸುತ್ತ ಕೂರುತ್ತದೆ. ಹಾಗಾಗಿ ಕತ್ತರಿ ಅಕ್ಕ ಕೆಲಸ ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದ ಮೊದಲ ಪಾಠ, "ಡಬ್ಬಿ ಸಮೇತ ಎತ್ತು. ಮುಚ್ಚಳ ತೆಗೆದು ಒಳಗೆ ಕೈ ಹಾಕ್ಬೇಡ."

ಎರಡನೆಯ ಪಾಠ ಪಟ್ಟಿಯದು. ಚಿತ್ರೀಕರಣ ಮುಗಿಸಿ ತಂದ ಕಾರ್ಡಿಗೆ ಕೆಂಪು ಟೇಪಿನ ಪಟ್ಟಿ. ಕೆಂಪು ಇರುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಎರಡು ಡಿಸ್ಕಿಗೆ ಕಾಪಿ ಆಗಿ, ಸಾಫ್ಟ್‌ವೇರಿನೊಳಗೆ ತೆರೆದು, ಕಣ್ಣಾರೆ ಕಂಡು ಕಿವಿಯಾರೆ ಕೇಳಿದ ಮೇಲೆ ಅವಳೇ ಕೆಂಪನ್ನು ಕಿತ್ತು ಬಿಳಿ ಹಚ್ಚುತ್ತಾಳೆ. ಬಿಳಿ ಎಂದರೆ ಅಳಿಸಬಹುದು. ಬಿಳಿ ಕಂಡರೆ ತಮ್ಮ ಏನನ್ನೂ ಕೇಳುವುದಿಲ್ಲ, ಕ್ಯಾಮೆರಾಕ್ಕೆ ತೂರಿಸಿ ಅಳಿಸುತ್ತಾನೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನು ಬಿಳಿ ಪಟ್ಟಿಯನ್ನು ಪ್ರಶ್ನಿಸಿದ್ದಿಲ್ಲ. ಪ್ರಶ್ನಿಸುವ ಕಾರಣವೂ ಬಂದಿರಲಿಲ್ಲ.

ಮಂಗಳವಾರ ಅವನು ತಂದ ಕೆಂಪು ಪಟ್ಟಿಯ ಕಾರ್ಡಿನಲ್ಲಿ ಇದ್ದದ್ದು ಮೈಕಣ್ಣನವರ ದನಿ.

ಮೈಕಣ್ಣ ಎಂದರೆ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು ಎಂದು ಸಾರಿದವರು. ಮುಖ ಕಂಡವರು ಕಡಿಮೆ, ದನಿ ಕೇಳದವರೇ ಇಲ್ಲ. ಕತ್ತರಿ ಅಕ್ಕ ಕೂಡ ಕೆಲಸ ಕಲಿಯುವ ದಿನಗಳಲ್ಲಿ ಆ ದನಿ ಕೇಳಿಯೇ ಓಡಿ ಬಸ್ಸು ಹತ್ತಿದವಳು. ಈಗ ಆ ಗಂಟಲಲ್ಲಿ ಗಡ್ಡೆ. ಶುಕ್ರವಾರ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡಬೇಕು, ಆಮೇಲೆ ಮಾತಿಲ್ಲ ಎಂದು ವೈದ್ಯರು ಹೇಳಿದ್ದರು. ಅದಕ್ಕೆ ಮುಂಚೆ ಒಂದು ಗಂಟೆ ಮಾತಾಡಿ ಮಗಳಿಗೆ ಬಿಟ್ಟುಹೋಗಬೇಕೆಂದು ಅವರ ಆಸೆ. ನಿಲ್ದಾಣದಲ್ಲಿ ಆಗ ಯಾರೂ ರೆಕಾರ್ಡು ಮಾಡಿಟ್ಟಿರಲಿಲ್ಲ. ಮನೆಯಲ್ಲಿ ಫೋಟೊ ತೆಗೆಯುವವರೂ ವಿಡಿಯೊ ಹಿಡಿಯುವವರೂ ಅವರೇ ಆಗಿದ್ದರಿಂದ ಮಗಳ ಫೋನಿನಲ್ಲಿ ಇದ್ದದ್ದು "ಹ್ಞೂಂ, ನಗಿ" ಎಂಬ ಎರಡು ಮಾತು.

"ಹೇಗೆ ಬಂತು?" ಎಂದು ಅವಳು ತಮ್ಮನನ್ನು ಕೇಳಿದ್ದಳು.

"ದನಿ ಇನ್ನೂ ಗಟ್ಟಿ ಇದೆ, ನಡುನಡುವೆ ಕರಕರ ಅನ್ನುತ್ತೆ. ಆದ್ರೆ ಅಕ್ಕ, ಉಪದೇಶ ಎಲ್ಲಾ ಮೈಕಿನ ದನೀಲೇ ಹೇಳಿದ್ರು. ಮಗಳಿಗೆ ಹೇಳ್ತಿದಾರೋ ಬಸ್ಸಿಗೆ ಹೇಳ್ತಿದಾರೋ ಗೊತ್ತಾಗ್ಲಿಲ್ಲ."

ಅವಳು ನಕ್ಕಳು. ನಗು ಅಷ್ಟಕ್ಕೇ ಮುಗಿಯಿತು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಪಾಠದ ಪ್ರಕಾರವೇ ಡಬ್ಬಿ ಸಮೇತ ಮೊದಲ ಡಿಸ್ಕಿಗೆ ಎಳೆದಳು. ಮುಕ್ಕಾಲು ಪಾಲು ಹೋದ ಮೇಲೆ ಡಿಸ್ಕಿನಲ್ಲಿ ಜಾಗವಿಲ್ಲವೆಂದು ಯಂತ್ರ ನಿಂತಿತು. ನೋಡಿದರೆ ಸದ್ದಿನ ಫೋಲ್ಡರು ಬಂದಿದೆ, ಲೆಕ್ಕದ್ದು ಬಂದಿದೆ, ಚಿತ್ರದ್ದು ಮಾತ್ರ ಅರ್ಧಕ್ಕೆ ನಿಂತಿದೆ. ಅಷ್ಟರಲ್ಲಿ ತಮ್ಮ ಬಾಗಿಲಲ್ಲಿ ಹಾಜರು. ಒಂದು ಬಣ್ಣದ ಕಾರ್ಖಾನೆಯ ಚಿತ್ರೀಕರಣ, ಹತ್ತಕ್ಕೆ ಒಳಗಿರಬೇಕು, ಕೆಳಗೆ ವ್ಯಾನು ಕಾಯುತ್ತಿದೆ.

"ಕಾರ್ಡು ಕೊಡಕ್ಕ. ಇನ್ನೊಂದರಲ್ಲಿ ಜಾಗ ಸಾಲಲ್ಲ."

"ಇರು, ಇಪ್ಪತ್ತು ನಿಮಿಷ."

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಇಪ್ಪತ್ತೇಳು ವರ್ಷ ಬೇರೆಯವರಿಗೆ ಹೇಳಿದವಳು ಆ ಇಪ್ಪತ್ತು ನಿಮಿಷದಲ್ಲಿ ಮಾಡಿದ್ದಿಷ್ಟು. ಸದ್ದು ಹೇಗೂ ಬಂದಿದೆಯಲ್ಲ ಎಂದು, ಎರಡನೆಯ ಡಿಸ್ಕಿಗೆ ಚಿತ್ರದ ಫೋಲ್ಡರು ಒಂದನ್ನೇ ಎಳೆದಳು. ಆಮೇಲೆ ಎರಡನೆಯ ಕಾಪಿಗೆ ಮೊದಲ ಡಿಸ್ಕಿನಲ್ಲಿ ಜಾಗ ಬೇಕಾಯಿತು. ಅಲ್ಲಿ ಅರ್ಧ ಕಾಪಿಯೊಂದು ಬಿದ್ದಿತ್ತು. ಅರ್ಧ ಕಾಪಿ ಇಡಬಾರದು, ಮುಂದೆ ಗೊಂದಲವಾಗುತ್ತದೆ ಎಂಬುದು ಅವಳದೇ ಮೂರನೆಯ ಪಾಠ. ಕೈ ತನ್ನಷ್ಟಕ್ಕೆ ಅದನ್ನು ಅಳಿಸಿತು. ಆ ಖಾಲಿ ಜಾಗದ ಮೇಲೆ ಎರಡನೆಯ ಡಿಸ್ಕಿನಿಂದ ಚಿತ್ರದ ಫೋಲ್ಡರನ್ನು ತಂದು ತುಂಬಿದಳು. ಎರಡು ಡಿಸ್ಕು, ಎರಡು ಕಾಪಿ. ಸಾಫ್ಟ್‌ವೇರ್ ತೆರೆಯುವಷ್ಟು ಹೊತ್ತಿರಲಿಲ್ಲ. ಒಂದು ತುಣುಕನ್ನು ಹಾಗೇ ಓಡಿಸಿ ನೋಡಿದಳು. ಮೈಕಣ್ಣನವರ ತುಟಿ ಆಡುತ್ತಿತ್ತು. ಕೆಳಗೆ ಪ್ರೆಸ್ಸು ಗಡಗಡ ಎನ್ನುತ್ತಿತ್ತು, ಆ ಗದ್ದಲದಲ್ಲಿ ಬೆಳಗಿನ ಹೊತ್ತು ಅವಳು ಸ್ಪೀಕರ್ ಹಚ್ಚುವುದೇ ಇಲ್ಲ. ಕೆಂಪು ಕಿತ್ತಳು, ಬಿಳಿ ಹಚ್ಚಿದಳು.

"ತಗೋ."

ಮಧ್ಯಾಹ್ನ ಹನ್ನೆರಡೂವರೆಗೆ ಪ್ರೆಸ್ಸಿನವರು ಊಟಕ್ಕೆ ಎದ್ದರು. ಅದು ಅವಳು ನಿಜವಾಗಿ ಕೆಲಸ ಮಾಡುವ ಹೊತ್ತು, ಒಂದು ಗಂಟೆಯ ನಿಶ್ಶಬ್ದ. ಸಾಫ್ಟ್‌ವೇರಿನಲ್ಲಿ ಇಂಪೋರ್ಟ್ ಒತ್ತಿದಳು. ಪಟ್ಟಿ ಖಾಲಿ. ಏನೂ ಗುರುತು ಸಿಗುತ್ತಿಲ್ಲ ಎಂದಿತು ಯಂತ್ರ. ಅವಳು ಗೊಣಗಿಕೊಂಡು ಫೈಲುಗಳನ್ನು ನೇರವಾಗಿ ಎಳೆದು ಕೆಳಗೆ ಹಾಕಿದಳು. ನೀಲಿ ಬಣ್ಣದ ಚಿತ್ರದ ಪಟ್ಟಿ ಬಂತು. ಅದರ ಕೆಳಗೆ ಬರಬೇಕಾದ ಸದ್ದಿನ ಹಸಿರು ಪಟ್ಟಿ ಬರಲಿಲ್ಲ.

ಸ್ಪೀಕರಿನ ಗುಂಡಿ ತಿರುಗಿಸಿದಳು, ಇನ್ನೂ ತಿರುಗಿಸಿದಳು. ಮೈಕಣ್ಣನವರು ಎದೆ ಸೆಟೆಸಿ ಕುಳಿತು ಮಾತಾಡುತ್ತಲೇ ಇದ್ದರು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಬೆಳಗಿನದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಎಳೆದದ್ದು, ಅಳಿಸಿದ್ದು, ಅದರ ಮೇಲೆಯೇ ತುಂಬಿದ್ದು. ಎರಡು ಕಾಪಿ ಇದ್ದವು, ಎರಡೂ ಮೂಕ.

ಆದರೂ ಅವಳು ಪೂರ್ತಿ ಕೈಚೆಲ್ಲಲಿಲ್ಲ. ಇವತ್ತು ಬುಧವಾರ, ಆಪರೇಷನ್ ಶುಕ್ರವಾರ. ಸಂಜೆ ಹೋಗಿ ಕಾಲಿಗೆ ಬಿದ್ದಾದರೂ ಇನ್ನೊಮ್ಮೆ ಮಾತಾಡಿಸಿದರಾಯಿತು ಎಂದುಕೊಂಡಳು. ಫೋನಿಗೆ ಕೈ ಹಾಕುವಷ್ಟರಲ್ಲಿ ಫೋನೇ ಬಡಿಯಿತು. ಮೈಕಣ್ಣನವರ ಮಗಳು.

"ಅಕ್ಕ, ಅಪ್ಪನ್ನ ಇವತ್ತೇ ಒಳಗೆ ಕರ್ಕೊಂಡೋದ್ರು. ಬೆಳಿಗ್ಗೆ ಉಸಿರು ಕಟ್ಟಿಬಿಡ್ತು. ಕಾಯೋಕಾಗಲ್ಲ ಅಂದ್ರು ಡಾಕ್ಟ್ರು. ಹೋಗೋವಾಗ ಏನೋ ಹೇಳೋಕೆ ನೋಡಿದ್ರು, ಆಗ್ಲಿಲ್ಲ. ನಿನ್ನೆ ಮಾತಾಡಿದ್ದು ಇದೆಯಲ್ಲ ಅಂತ ಅಮ್ಮ ಧೈರ್ಯ ತಂದ್ಕೊಂಡಿದ್ದಾಳೆ. ಇದೆ ಅಲ್ವಾ ಅಕ್ಕ?"

"ನಾನು ಸಂಜೆ ಬರ್ತೀನಮ್ಮ" ಎಂದಳು ಕತ್ತರಿ ಅಕ್ಕ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ಇನ್ನು ಉಳಿದದ್ದು ಆ ಕಾರ್ಡು ಒಂದೇ. ಕಾರ್ಡನ್ನು ಅಳಿಸಿದರೂ ಒಳಗಿನದು ತಕ್ಷಣ ಸಾಯುವುದಿಲ್ಲ. ಮೇಲೆ ಹೊಸದು ಬಂದು ಕೂರುವ ತನಕ ಹಳೆಯದು ಅಲ್ಲೇ ಇರುತ್ತದೆ, ಹುಡುಕಿ ತೆಗೆಯಬಹುದು. ಆದರೆ ತಮ್ಮ ಹತ್ತು ಗಂಟೆಯಿಂದ ಕಾರ್ಖಾನೆಯೊಳಗಿದ್ದಾನೆ. ಅವನು ತೆಗೆಯುವ ಒಂದೊಂದು ನಿಮಿಷವೂ ಆ ಮನುಷ್ಯನ ಒಂದೊಂದು ನಿಮಿಷದ ಮೇಲೆ ಕೂರುತ್ತಿದೆ. ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಏಳು ಸಲ ಮಾಡಿದ ಮೇಲೆ ನೆನಪಾಯಿತು, ಬಣ್ಣದ ಕಾರ್ಖಾನೆಯಲ್ಲಿ ಹೊರಗಿನವರ ಫೋನುಗಳನ್ನೆಲ್ಲ ಗೇಟಿನಲ್ಲೇ ಪೆಟ್ಟಿಗೆಗೆ ಹಾಕಿಸಿಕೊಳ್ಳುತ್ತಾರೆ ಎಂದು ಅವನೇ ಹೇಳಿದ್ದ.

ಸ್ಕೂಟರ್ ಹತ್ತಿದಳು. ಇಪ್ಪತ್ತೈದು ನಿಮಿಷದ ದಾರಿ. ಪ್ರತಿ ಕೆಂಪು ದೀಪದಲ್ಲೂ ಅವಳ ತಲೆಯೊಳಗೆ ಒಂದೇ ಲೆಕ್ಕ, ಮೈಕಣ್ಣನವರದು ಒಟ್ಟು ಅರವತ್ತೆರಡು ನಿಮಿಷ, ತಮ್ಮ ಇಷ್ಟು ಹೊತ್ತಿಗೆ ತೆಗೆದಿರುವುದು ಎಷ್ಟು? ಒಮ್ಮೆಗೇ ಸಿಟ್ಟು ಬಂತು, ತನ್ನ ಮೇಲೆಯೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಗೇಟಿನ ವಯಸ್ಸಾದ ಕಾವಲುಗಾರ ಪುಸ್ತಕ ಮುಂದಿಟ್ಟ. "ಸಾಹೇಬ್ರು ಊಟಕ್ಕೆ ಹೋಗಿದಾರೆ. ಅವರು ಬಂದು ಸಹಿ ಹಾಕ್ದೆ ಒಳಗೆ ಬಿಡೋ ಹಾಗಿಲ್ಲ."

"ನಾನು ಒಳಗೆ ಬರಲ್ಲಪ್ಪ. ಕ್ಯಾಮೆರಾದವನಿಗೆ ನಿಲ್ಸು ಅಂತ ಒಂದು ಮಾತು ಹೇಳಿ ಸಾಕು."

"ಅವರ ಕೆಲಸ ನಿಲ್ಸೋಕೆ ನಾನ್ಯಾರು ತಾಯಿ?"

ಅವಳು ಸುತ್ತಿ ಬಳಸಿ ಹೇಳುವ ಹೆಂಗಸಲ್ಲ. ಪುಸ್ತಕದ ಮೇಲೆ ಎರಡೂ ಕೈಯೂರಿ ಹೇಳಿದಳು. "ಬಸ್ ನಿಲ್ದಾಣದಲ್ಲಿ ಕೂಗ್ತಿದ್ರಲ್ಲ ಮೈಕಣ್ಣ, ಅವರ ದನಿ ಆ ಕಾರ್ಡಲ್ಲಿದೆ. ಇವತ್ತು ಅವರ ಗಂಟಲು ತೆಗೀತಿದಾರೆ. ಇನ್ನು ಅವರು ಮಾತಾಡಲ್ಲ. ನಾನು ತಪ್ಪು ಮಾಡಿ ಅದನ್ನ ಅಳಿಸೋಕೆ ಕೊಟ್ಟುಬಿಟ್ಟಿದೀನಿ."

ಕಾವಲುಗಾರ ಅವಳ ಮುಖ ನೋಡಿದ. "ನಮ್ಮೂರ ಕಡೇ ಬಸ್ಸಿಗೆ ಇನ್ನೊಂದು ನಿಮಿಷ ಇದೆ, ಓಡಿ, ಅನ್ನೋರು. ಅವರಾ?" ಎಂದ. ಪುಸ್ತಕವನ್ನು ಅಲ್ಲೇ ಬಿಟ್ಟು, ಆ ವಯಸ್ಸಿನಲ್ಲಿ, ಅಂಗಳ ದಾಟಿ ಓಡಿದ.

ತಮ್ಮ ಹಳದಿ ಹೆಲ್ಮೆಟ್ಟಿನಲ್ಲೇ ಬಂದ, ಕೈಯಲ್ಲಿ ಕಾರ್ಡು. ದಾರಿಯಲ್ಲಿಯೇ ಎಲ್ಲ ಕೇಳಿಕೊಂಡಿದ್ದ.

"ಎಷ್ಟು ತೆಗ್ದಿದೀಯ?"

"ನಲವತ್ತಮೂರು ನಿಮಿಷ." ಕಾರ್ಡನ್ನು ಅವಳ ಕೈಗಿಟ್ಟ. "ಬಿಳಿ ಇತ್ತಲ್ಲಕ್ಕ."

ಅವನು ಅದನ್ನು ದೂರಿನಂತೆ ಹೇಳಲಿಲ್ಲ. ದೂರಿದ್ದರೆ ಅವಳು ಇಬ್ಬರ ಪಾಲಿನ ಜಗಳವನ್ನೂ ತಾನೇ ಆಡಿ ಹಗುರಾಗುತ್ತಿದ್ದಳು. ಅವಳು ಕಾರ್ಡಿನ ಅಂಚಿನ ಪುಟ್ಟ ಗುಂಡಿಯನ್ನು ಇನ್ನೇನೂ ಬರೆಯದಂತೆ ಸರಿಸಿ, ಉಗುರಿನಿಂದ ಬಿಳಿ ಪಟ್ಟಿಯನ್ನು ಕೆರೆದು ತೆಗೆದಳು.

ಸ್ಟುಡಿಯೊದಲ್ಲಿ ಮೊದಲು ಕಾರ್ಖಾನೆಯ ಚಿತ್ರವನ್ನು ಡಬ್ಬಿ ಸಮೇತ ಎತ್ತಿ, ತೆರೆದು, ಕಿವಿಗೆ ಹೆಡ್‌ಫೋನ್ ಹಾಕಿ ಪೂರ್ತಿ ಕೇಳಿದಳು. ಇನ್ನೊಬ್ಬರದನ್ನೂ ಕಳೆಯುವ ಧೈರ್ಯ ಅವಳಿಗಿರಲಿಲ್ಲ. ಆಮೇಲೆ ಅಳಿದದ್ದನ್ನು ಹುಡುಕುವ ಸಾಫ್ಟ್‌ವೇರಿಗೆ ಕಾರ್ಡನ್ನು ಕೊಟ್ಟಳು. ಪರದೆಯ ಮೇಲೆ ಶೇಕಡಾ ಒಂದು ಎಂದು ತೋರಿಸಿತು. ಎರಡು ಆಗಲು ಪೂರ್ತಿ ಎರಡು ನಿಮಿಷ ಬೇಕಾಯಿತು. ಅವಳು ನೀರು ಕುಡಿಯಲಿಲ್ಲ, ಎದ್ದು ಓಡಾಡಲಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ಕುಳಿತಳು. ಮೂವತ್ತು, ನಲವತ್ತು, ಐವತ್ತು. ಏನೂ ಇಲ್ಲ. ಅರವತ್ತರ ಹೊತ್ತಿಗೆ ಕೆಳಗಿನ ಪ್ರೆಸ್ಸು ದಿನದ ಕೆಲಸ ಮುಗಿಸಿ ನಿಂತಿತು. ಎಪ್ಪತ್ತೊಂದಕ್ಕೆ ಹೆಸರಿಲ್ಲದ ಒಂದು ತುಂಡು ಸಿಕ್ಕಿತು, ಬರೀ ಅಂಕಿ. ಒತ್ತಿದಳು. ಕರಕರ ಸದ್ದು. ಎರಡನೆಯದೂ ಕರಕರ. ಮೂರನೆಯದನ್ನು ಒತ್ತಿದಾಗ ಕೋಣೆಯೊಳಗೆ ಬಸ್ ನಿಲ್ದಾಣ ತುಂಬಿಕೊಂಡಿತು.

"...ಯಾರ ಮುಂದೆಯೂ ತಲೆ ತಗ್ಗಿಸಬಾರದು. ಇಷ್ಟನ್ನು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು." ಒಂದು ಕೆಮ್ಮು. ಆಮೇಲೆ ಬೇರೆಯೇ ದನಿ, ಸಣ್ಣದು, ಮನೆಯದು. "ಆಯ್ತೇನಪ್ಪ? ಮುಗೀತಾ? ಅಬ್ಬ."

ಅವಳ ಹಿಂದೆಯೇ ಸ್ಟುಡಿಯೊಕ್ಕೆ ಬಂದಿದ್ದ ತಮ್ಮ ಬಾಗಿಲಲ್ಲೇ ಕುಳಿತ. ಅವಳು ಅಳುತ್ತಿದ್ದಳು, ಅಳುತ್ತಲೇ ನಿಮಿಷ ಎಣಿಸುತ್ತಿದ್ದಳು. ಉಳಿದದ್ದು ಹತ್ತೊಂಬತ್ತು. ಆ ಹತ್ತೊಂಬತ್ತರಲ್ಲಿ ಉಪದೇಶ ಇದ್ದದ್ದು ಮೊದಲಿನ ಅರ್ಧ ನಿಮಿಷ. ಮಿಕ್ಕದ್ದೆಲ್ಲ ತಮ್ಮ ಕ್ಯಾಮೆರಾ ನಿಲ್ಲಿಸಲು ಮರೆತು ಲೈಟು ಮಡಚುತ್ತಿದ್ದಾಗಿನದು. ಹಾಗೆ ಮರೆತು ಕಾರ್ಡು ಹಾಳುಮಾಡುತ್ತಾನೆಂದು ಅವಳು ಅವನಿಗೆ ಬೈಯದ ವಾರವಿರಲಿಲ್ಲ. ಕಾಫಿಗೆ ಸಕ್ಕರೆ ಕಡಿಮೆಯೆಂದು ತಕರಾರು, ಬಾಡಿಗೆ ವ್ಯಾನಿನವನ ವಿಚಾರಣೆ, ಕನ್ನಡಕ ಕಾಣುತ್ತಿಲ್ಲವೆಂದು ಹೆಂಡತಿಯನ್ನು ಕೂಗುವುದು. ಬೇರೆ ದಿನವಾಗಿದ್ದರೆ ಇದನ್ನೆಲ್ಲ ಅವಳು ಒಂದೇ ಏಟಿಗೆ ಕತ್ತರಿಸಿ ಕಸಕ್ಕೆ ಹಾಕುತ್ತಿದ್ದಳು. ಆ ದಿನವೂ ಕನ್ನಡಕದ ಜಾಗಕ್ಕೆ ಬಂದಾಗ ಬೆರಳು ಅಭ್ಯಾಸಬಲದಿಂದ ಎರಡು ಕಡೆ ಕತ್ತರಿಸುವ ಗುರುತು ಹಾಕಿಬಿಟ್ಟಿತ್ತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಮಗಳು ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಆಪರೇಷನ್ ಮುಗಿದಿತ್ತು, ಜೀವಕ್ಕೆ ಭಯವಿರಲಿಲ್ಲ. ಕತ್ತರಿ ಅಕ್ಕ ಪಕ್ಕದಲ್ಲಿ ಕೂರಲಿಲ್ಲ, ನಿಂತೇ ಹೇಳಿದಳು. ತಪ್ಪನ್ನು ಯಂತ್ರದ ಮೇಲೆ ಹಾಕಲಿಲ್ಲ, ತಮ್ಮನ ಮೇಲೂ ಹಾಕಲಿಲ್ಲ. "ತಪ್ಪು ನಂದು. ಕೇಳಿ ನೋಡ್ದೆ ಬಿಳಿ ಪಟ್ಟಿ ಹಚ್ಚಿ ಅಳಿಸೋಕೆ ಕೊಟ್ಟೆ. ಚಿತ್ರ ಪೂರ್ತಿ ಇದೆ. ದನಿ ಕೊನೇ ಹತ್ತೊಂಬತ್ತು ನಿಮಿಷದ್ದು ಮಾತ್ರ."

ಮಗಳು ನೆಲ ನೋಡುತ್ತಲೇ ಕೇಳಿದಳು. "ನನಗೆ ಅಂತ ಹೇಳಿದ್ದು?"

"ಅದು ಹೋಯ್ತಮ್ಮ."

"ನಿಮ್ಮ ಹತ್ರ ಯಾಕೆ ಬಂದ್ವಿ ಗೊತ್ತಾ? ಕತ್ತರಿ ಅಕ್ಕ ಒಂದು ಅಕ್ಷರ ಕಳೆಯೋರಲ್ಲ ಅಂತ ಎಲ್ರೂ ಹೇಳಿದ್ರು." ಅವಳು ತಲೆಯೆತ್ತಿದಳು. "ಅಪ್ಪ ಕಾಫಿ ಚೆನ್ನಾಗಿಲ್ಲ ಅಂದಿದ್ದನ್ನ ಇಟ್ಕೊಂಡು ನಾನೇನು ಮಾಡ್ಲಿ?"

ಕತ್ತರಿ ಅಕ್ಕ ಬೈಸಿಕೊಂಡು ನಿಂತಳು, ಹೋಗೆನ್ನುವ ತನಕ ನಿಂತಳು. ಆ ವಾರ ಅವಳು ಯಾವ ಕಾರ್ಡಿಗೂ ಬಿಳಿ ಹಚ್ಚಲಿಲ್ಲ. ಇನ್ನು ಮೇಲೆ ನೀನೂ ಕಿವಿಯಾರೆ ಕೇಳಿ ಸರಿ ಅಂದ ಮೇಲೆಯೇ ಬಿಳಿ ಎಂದು ತಮ್ಮನಿಗೆ ಹೇಳಿದಳು. ಅವನು ಅಕ್ಕನನ್ನು ತಪಾಸಣೆ ಮಾಡುವುದು ಹೇಗೆಂದು ಸಂಕೋಚಪಟ್ಟ. "ಮಾಡು" ಎಂದಳು.

ಐದು ವಾರದ ಮೇಲೆ, ಪ್ರೆಸ್ಸಿಗೆ ರಜೆ ಇದ್ದ ದಿನ, ಮೈಕಣ್ಣ, ಹೆಂಡತಿ, ಮಗಳು ಮೂವರೂ ಮೆಟ್ಟಿಲು ಹತ್ತಿ ಬಂದರು. ಮೈಕಣ್ಣನವರ ಕುತ್ತಿಗೆಗೆ ತೆಳುವಾದ ಬಟ್ಟೆ, ಕೈಯಲ್ಲಿ ನೋಟ್‌ಬುಕ್ಕು. ಮಗಳಿಗೆಂದು ಹೇಳಿದ್ದನ್ನೆಲ್ಲ ಅವರು ಆಸ್ಪತ್ರೆಯಲ್ಲೇ ನೆನಪಿಸಿಕೊಂಡು ಹನ್ನೊಂದು ಪುಟ ಬರೆದುಕೊಟ್ಟಿದ್ದರಂತೆ. ಮಾತನ್ನು ಬರೆದುಕೊಡಬಹುದು, ದನಿಯನ್ನು ಬರೆದುಕೊಡಲಾಗುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕತ್ತರಿ ಅಕ್ಕ ತಲೆ ತಗ್ಗಿಸಿ ಕುಳಿತದ್ದನ್ನು ನೋಡಿ ಅವರು ಏನೋ ಬರೆದು ಮುಂದಿಟ್ಟರು. 'ಬಸ್ ತಪ್ಪಿದವರೆಲ್ಲ ಮೂವತ್ತೊಂದು ವರ್ಷ ನನ್ನನ್ನೇ ಬೈದರು. ನಾನು ಯಾರನ್ನೂ ಬೈಯುವುದಿಲ್ಲ. ಹಾಕಿ.'

ಮಗಳು ಮಾತ್ರ ಗೋಡೆಗೆ ಒರಗಿ, ಕೈಕಟ್ಟಿ ನಿಂತೇ ಇದ್ದಳು.

ಕತ್ತರಿ ಅಕ್ಕ ದೀಪ ಆರಿಸಿ ಹತ್ತೊಂಬತ್ತು ನಿಮಿಷವನ್ನು ಓಡಿಸಿದಳು. ಒಂದು ಚೂರನ್ನೂ ಕತ್ತರಿಸಿರಲಿಲ್ಲ. ಕೆಮ್ಮು ಬಂತು, 'ಅಬ್ಬ' ಬಂತು, ಕಾಫಿ ಬಂತು. ಮೈಕಣ್ಣನವರ ಭುಜಗಳು ಸದ್ದಿಲ್ಲದೆ ಕುಲುಕಿದವು, ನಗುತ್ತಿದ್ದರು. ಪರದೆಯ ಮೇಲಿನ ಮನುಷ್ಯ ಈಗ ಮೇಜು ತಡಕಾಡಿ, ಕುರ್ಚಿಯ ಕೆಳಗೆ ಬಗ್ಗಿ ನೋಡಿ, ಒಳಮನೆಯ ಕಡೆ ತಿರುಗಿ ಕೂಗಿದ.

"ಏ ಇವಳೇ, ನನ್ನ ಕನ್ನಡಕ ಎಲ್ಲಿಟ್ಟಿದೀಯೇ?"

"ನಿಮ್ಮ ತಲೆ ಮೇಲೇ ಇದೆ ನೋಡಿ" ಎಂದರು ಹೆಂಡತಿ.

ಪರದೆಯೊಳಗಿನವರಲ್ಲ. ಕೋಣೆಯಲ್ಲಿ, ಗಂಡನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರು. ಎಷ್ಟೋ ವರ್ಷದ ಅಭ್ಯಾಸ, ಆ ದನಿ ಕೇಳಿದ ಕೂಡಲೇ ಬಾಯಿ ಉತ್ತರ ಕೊಟ್ಟುಬಿಟ್ಟಿತ್ತು. ಎರಡು ಕ್ಷಣ ಕಳೆದ ಮೇಲೆ ಪರದೆಯ ಒಳಮನೆಯಿಂದಲೂ ಅದೇ ಮಾತು ಬಂತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೈಕಣ್ಣನವರ ಕೈ ಹೆಂಡತಿಯ ಕೈ ಹಿಡಿದದ್ದನ್ನು ಆ ಮಬ್ಬಿನಲ್ಲೂ ಕತ್ತರಿ ಅಕ್ಕ ಕಂಡಳು.

ಗೋಡೆಯ ಕಡೆಯಿಂದ ಮಗಳು ಮೂಗೆಳೆದುಕೊಳ್ಳುವ ಸದ್ದು. ಆಮೇಲೆ ಅವಳು ಬಂದು ಮೇಜಿನ ಪಕ್ಕ ನಿಂತಳು.

"ಅಕ್ಕ, ಅಲ್ಲಿಂದ ಇನ್ನೊಂದ್ಸಲ ಹಾಕಿ."

ಕತ್ತರಿ ಅಕ್ಕ ಹಿಂದಕ್ಕೆ ಹೋಗಿ ಹಾಕಿದಳು. ಎರಡನೆಯ ಸಲವೂ ಆಕೆ ಉತ್ತರ ಕೊಟ್ಟರು.